ಹೊಲ ಉಳಿಸಿಕೊಂಡು ಲೇಔಟಿನ ಹಕ್ಕನ್ನು ಮಾರಿದ್ದು

ನ್ಯೂಜೆರ್ಸಿಯ ಹಂಟರ್‌ಡನ್ ಕೌಂಟಿಯಲ್ಲಿರುವ ನಮ್ಮ 54 ಎಕರೆ ಜಮೀನಿನಲ್ಲಿ ಲೇಔಟ್ ಮಾಡುವ ಹಕ್ಕನ್ನು ನಾವು ಶಾಶ್ವತವಾಗಿ ಮಾರಿದ್ದೇವೆ, ಜಮೀನನ್ನು ಮಾರಿಲ್ಲ. ತಿಪಟೂರಿನ ನಮ್ಮಣ್ಣನಿಗೆ ಫೋನಿನಲ್ಲಿ ಇದನ್ನು ತಿಳಿಸಿದಾಗ, "ಹಾಗಾದರೆ ನಿನಗೆ ಉಳಿದದ್ದೇನೋ?" ಎಂದರು. ಪಹಣಿಯ ಋಣದ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲ ಏರುವಂತೆ ಈ ಈಸ್‌ಮೆಂಟ್, ಅಂದರೆ ಜಮೀನಿನಲ್ಲಿ ಲೇಔಟ್ ಮಾಡಬಾರದೆಂಬ ಕಟ್ಟುಪಾಡು, ಕೂಡ ದಾಖಲೆಗೆ ಏರುತ್ತದೆ, ಆದರೆ ತೀರಿಸಿ ಇಳಿಸಿಕೊಳ್ಳಲು ಬರುವುದಿಲ್ಲ, ಭೂಮಿ ಯಾರ ಕೈಗೆ ಹೋದರೂ ಜೊತೆಯಲ್ಲೇ ಹೋಗುತ್ತದೆ ಎಂದು ವಿವರಿಸಿದೆ. ಉಳುವ, ಗುತ್ತಿಗೆಗೆ ಕೊಡುವ, ಮಾರುವ, ಮಕ್ಕಳಿಗೆ ಬಿಡುವ ಹಕ್ಕುಗಳೆಲ್ಲ ನಮ್ಮಲ್ಲೇ ಇವೆ.

ಈ ರಾಜ್ಯದಲ್ಲಿ ಕೃಷಿಭೂಮಿ ಉಳಿಸಲೆಂದು ಸರ್ಕಾರ ಮಾಡುವ ಇಂತಹ ಖರೀದಿಗೆ 1983ರ ಕಾಯಿದೆಯೇ ಆಧಾರ. ಅರ್ಜಿ ಹಾಕಿದ ಮೇಲೆ ಇಬ್ಬರು ಸ್ವತಂತ್ರ ಮೌಲ್ಯಮಾಪಕರು ಬಂದು, ಮನೆ ಕಟ್ಟಲು ಅವಕಾಶವಿದ್ದರೆ ಜಮೀನಿನ ಬೆಲೆ ಎಷ್ಟು, ಬೇಸಾಯಕ್ಕೆ ಮಾತ್ರವಾದರೆ ಎಷ್ಟು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಆ ಎರಡರ ನಡುವಿನ ವ್ಯತ್ಯಾಸವೇ ಈಸ್‌ಮೆಂಟಿನ ಮೌಲ್ಯ. ಹಳ್ಳದ ಬದಿಯ ಜೌಗು ತಾಕಿಗೆ ಬಹಳ ಕಡಿಮೆ ಬೆಲೆ ಬಂದುದು ಮೊದಲು ಬೇಸರ ತಂದಿತಾದರೂ, ಸೆಪ್ಟಿಕ್ ವ್ಯವಸ್ಥೆಗೆ ಒಗ್ಗದ ನೆಲದಲ್ಲಿ ಮನೆಯೇ ಏಳುವುದಿಲ್ಲವಾದ್ದರಿಂದ ಅಲ್ಲಿ ಮಾರುವುದಕ್ಕೆ ಹಕ್ಕೇ ಇರಲಿಲ್ಲವೆಂಬುದು ಅರ್ಥವಾಯಿತು. ನೀರು ಚೆನ್ನಾಗಿ ಬಸಿಯುವ ಮೇಲಿನ ತಾಕನ್ನು ಮೆಕ್ಕೆಜೋಳವೂ ಬಯಸುತ್ತದೆ, ಬಿಲ್ಡರೂ ಬಯಸುತ್ತಾನೆ.

ನಮ್ಮನ್ನು ನಿಜವಾಗಿ ಕಾಡಿದ್ದು ಹಣವಲ್ಲ, ಒಂದು ಗೆರೆ. ಮನೆಯ ಸುತ್ತ ಒಂದಿಷ್ಟು ಜಾಗವನ್ನು ಈಸ್‌ಮೆಂಟಿನಿಂದ ಹೊರಗಿಡಬಹುದು. ಅದಕ್ಕೆ ಹಣ ಸಿಗುವುದಿಲ್ಲ, ಪತ್ರ ನೋಂದಣಿಯಾದ ಮೇಲೆ ಗಡಿ ಕದಲಿಸುವಂತೆಯೂ ಇಲ್ಲ. ಹೀಗೆ ಹೊರಗಿಟ್ಟ ಜಾಗದಲ್ಲಿ ಎರಡು ಬಗೆ: ಒಂದನ್ನು ಹೊಲದಿಂದ ಬೇರ್ಪಡಿಸಿ ಮಾರಬಹುದು, ಇನ್ನೊಂದನ್ನು ಹಾಗೆ ಬೇರ್ಪಡಿಸಿ ಮಾರಲಾಗದು. ನಾನು ಜಿಪುಣತನದಿಂದ ಒಂದೇ ಎಕರೆಗೆ ಗೆರೆ ಎಳೆದಿದ್ದೆ. ಹಳೆಯ ಕಣಜದ ಕಟ್ಟಡ ಆ ಗೆರೆಯ ಆಚೆ, ಈಸ್‌ಮೆಂಟಿನೊಳಗೆ ಉಳಿದರೆ ಮುಂದೆ ಮಗಳು ಅಲ್ಲಿ ಬಡಗಿ ಕೆಲಸದ ಅಂಗಡಿ ತೆರೆಯಲಾರಳು, ಏಕೆಂದರೆ ಅದು ಬೇಸಾಯವಲ್ಲ ಎಂದು ಹೆಂಡತಿ ನೆನಪಿಸಿದಳು. ಮೂರು ತಿಂಗಳ ಚರ್ಚೆಯ ನಂತರ, ಬೇರ್ಪಡಿಸಲಾಗದ ಬಗೆಯಲ್ಲಿ ಮೂರು ಎಕರೆಯನ್ನು ಹೊರಗಿಟ್ಟೆವು.

ಆಮೇಲಿನ ತಡವೆಲ್ಲ ಸಾಲ ಕೊಟ್ಟ ಬ್ಯಾಂಕಿನದು. ತನ್ನ ಅಡಮಾನದ ಹಕ್ಕನ್ನು ಈಸ್‌ಮೆಂಟಿನ ಕೆಳಗಿನ ಸ್ಥಾನಕ್ಕೆ ಇಳಿಸಿಕೊಳ್ಳಲು ಬ್ಯಾಂಕು ಬರವಣಿಗೆಯಲ್ಲಿ ಒಪ್ಪಬೇಕಿತ್ತು; ಆ ಕಾಗದ ಯಾವ ಮೇಜಿನ ಮೇಲಿದೆ ಎಂದು ತಿಳಿಯುವುದಕ್ಕೇ ಐದು ತಿಂಗಳು ಹಿಡಿಯಿತು. ಹೊಸದಾಗಿ ಅರ್ಜಿ ಹಾಕುವವರು ಈ ಕೆಲಸವನ್ನು ಮೊದಲೇ ಆರಂಭಿಸುವುದು ಲೇಸು.

ಈಗ ವರ್ಷಕ್ಕೊಮ್ಮೆ ಪರಿಶೀಲನೆಗೆ ಬರುತ್ತಾರೆ. ಹೊಲದ ಮಣ್ಣನ್ನು ಹೊರಗೆ ಸಾಗಿಸುವುದಕ್ಕೂ ಪತ್ರದಲ್ಲಿ ನಿಷೇಧವಿದೆ. ನೀರಾವರಿ ಹೊಂಡ ತೋಡಿದಾಗ ಎದ್ದ ಮಣ್ಣಿನಲ್ಲಿ ಎರಡು ಲೋಡು ಕೊಡಿರೆಂದು ನೆರೆಯವರು ಕೇಳಿದರು; ಆಗುವುದಿಲ್ಲವೆನ್ನಬೇಕಾಯಿತು. ಆ ಗುಡ್ಡೆ ಇನ್ನೂ ಹೊಂಡದ ದಂಡೆಯಲ್ಲೇ ಇದೆ, ಈ ಬೇಸಿಗೆಯಲ್ಲಿ ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿದೆ.