ಟೆಕ್ಸಸ್‌ನ ಕೌಂಟಿಗಳ ಆದಾಯದ ಮಧ್ಯಾಂಕ: ಲೆಕ್ಕ ಹಾಕಿದ ನನ್ನ ಅನುಭವ

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು); ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಗ್ರಾಮೀಣ ಆರೋಗ್ಯ ಸೇವೆಯ ಯೋಜನೆಯೊಂದಕ್ಕಾಗಿ ಪ್ರತಿ ಕೌಂಟಿಯ ಮನೆವಾರು ಆದಾಯದ ಮಧ್ಯಾಂಕವನ್ನೂ (ಅರ್ಧದಷ್ಟು ಮನೆಗಳ ಆದಾಯ ಕೆಳಗೆ, ಉಳಿದರ್ಧದ್ದು ಮೇಲೆ ಇರುವ ಅಂಕಿ), ಕೆಲವು ಕೌಂಟಿಗಳನ್ನು ಕೂಡಿಸಿ ರಚಿಸಿದ ಸೇವಾ ವಲಯಗಳ ಮಧ್ಯಾಂಕವನ್ನೂ ಅಂದಾಜು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಲ್ಲಿ ಮನೆ ಎಂದರೆ ಒಂದೇ ವಸತಿಯಲ್ಲಿ ಬಾಳುವ ಎಲ್ಲರೂ, ಅವರಲ್ಲಿ ಸಂಬಂಧವಿರಲಿ ಇಲ್ಲದಿರಲಿ. ಕಾರಾಗೃಹ ಮತ್ತು ಹಾಸ್ಟೆಲ್‌ಗಳಲ್ಲಿ ಇರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ರಾಜ್ಯದ ಪಶ್ಚಿಮ ಭಾಗದ ತೈಲ ಪ್ರದೇಶದಲ್ಲಿ ಕೆಲವೇ ಭೂಮಾಲೀಕರಿಗೆ ಬರುವ ರಾಯಧನ ಸರಾಸರಿಯನ್ನು ಮೇಲಕ್ಕೆ ಎಳೆಯುವುದರಿಂದ, ಮಧ್ಯಾಂಕವನ್ನೇ ಕೇಳಿದ್ದು ಸರಿಯಾಗಿತ್ತು.

ಮೊದಲ ತಪ್ಪು ನನ್ನದೇ. ವಲಯದ ಮಧ್ಯಾಂಕಕ್ಕಾಗಿ ಆಯಾ ಕೌಂಟಿಗಳ ಪ್ರಕಟಿತ ಮಧ್ಯಾಂಕಗಳನ್ನು ಮನೆಗಳ ಸಂಖ್ಯೆಯಿಂದ ಗುಣಿಸಿ ಸರಾಸರಿ ತೆಗೆದೆ. ಮಧ್ಯಾಂಕಗಳ ಸರಾಸರಿ ಒಟ್ಟು ಗುಂಪಿನ ಮಧ್ಯಾಂಕವಾಗುವುದಿಲ್ಲ ಎಂಬುದು ತಿಳಿದಿದ್ದರೂ, ಅಂಕಿಗಳು ನಂಬುವಂತೆ ಕಂಡದ್ದರಿಂದ ಎರಡು ವಾರ ಹಾಗೆಯೇ ಬಿಟ್ಟಿದ್ದೆ. ಬಳಿಕ ಅಮೆರಿಕದ ಸೆನ್ಸಸ್ ಬ್ಯೂರೋ ನಡೆಸುವ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯೂನಿಟಿ ಸರ್ವೆಯ ಆದಾಯ ಹಂಚಿಕೆಯ ಕೋಷ್ಟಕಕ್ಕೆ ಹೋದೆ. ಅದರಲ್ಲಿ 10,000 ಡಾಲರ್‌ಗಿಂತ ಕಡಿಮೆ ಎಂಬುದರಿಂದ ಆರಂಭಿಸಿ 2,00,000 ಮತ್ತು ಮೇಲ್ಪಟ್ಟು ಎಂಬುದರವರೆಗೆ 16 ವರ್ಗಾಂತರಗಳಿವೆ. ವಲಯದ ಎಲ್ಲ ಕೌಂಟಿಗಳ ಮನೆಗಳನ್ನು ವರ್ಗಾಂತರವಾರು ಕೂಡಿಸಿ, ಸಂಚಿತ ಆವೃತ್ತಿ ಅರ್ಧವನ್ನು ದಾಟುವ ವರ್ಗಾಂತರವನ್ನು ಗುರುತಿಸಿ, ಅದರೊಳಗೆ ಮಧ್ಯಾಂಕದ ಸ್ಥಾನವನ್ನು ಲೆಕ್ಕ ಹಾಕಿದೆ. ಹತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರವೇ ಅದು. 75,000ದಿಂದ 1,00,000ದಂಥ ಅಗಲವಾದ ವರ್ಗಾಂತರದಲ್ಲಿ ಮಧ್ಯಾಂಕ ಬಿದ್ದಾಗ ಮಾತ್ರ, ಮನೆಗಳು ಅದರೊಳಗೆ ಸಮನಾಗಿ ಹರಡಿವೆ ಎಂಬ ಊಹೆ ದುರ್ಬಲವಾಗುತ್ತದೆ.

ನಿಜವಾದ ಕಷ್ಟವಿದ್ದದ್ದು ಸಣ್ಣ ಕೌಂಟಿಗಳಲ್ಲಿ. ಈ ಸಮೀಕ್ಷೆಯ ಒಂದು ವರ್ಷದ ಅಂದಾಜುಗಳು 65,000 ಅಥವಾ ಹೆಚ್ಚು ಜನರಿರುವ ಪ್ರದೇಶಗಳಿಗೆ ಮಾತ್ರ ಸಿಗುತ್ತವೆ. ಉಳಿದವುಗಳಿಗೆ ಐದು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸಿದ ಅಂದಾಜೇ ಗತಿ. 2020ರ ಜನಗಣತಿಯಲ್ಲಿ ಪಶ್ಚಿಮದ ತೈಲ ಪ್ರದೇಶದ ಲವಿಂಗ್ ಕೌಂಟಿಯಲ್ಲಿದ್ದವರು 64 ಜನ. ಅಂಥ ಕಡೆ ಐದು ವರ್ಷಗಳ ಮಾದರಿಯೂ ಬೆರಳೆಣಿಕೆಯ ಮನೆಗಳಿಗೆ ಇಳಿಯುತ್ತದೆ. ಪ್ರಕಟಿತ ದೋಷದ ಮಿತಿ (ಅಂದಾಜು ಎರಡೂ ಕಡೆಗೆ ಎಷ್ಟು ತಪ್ಪಿರಬಹುದೆಂಬ ಅಳತೆ) ಶೇ. 90ರ ವಿಶ್ವಾಸ ಮಟ್ಟದ್ದಾದ್ದರಿಂದ ಅದನ್ನು 1.645ರಿಂದ ಭಾಗಿಸಿದರೆ ಪ್ರಮಾಣ ದೋಷ, ಅಂದರೆ ಮಾದರಿಯಿಂದಾಗಿ ಅಂದಾಜು ಸಾಮಾನ್ಯವಾಗಿ ಏರುಪೇರಾಗುವ ಪ್ರಮಾಣ, ದೊರೆಯುತ್ತದೆ. ಅಂದಾಜು 60,000, ದೋಷದ ಮಿತಿ 25,000 ಎಂದಿಟ್ಟುಕೊಂಡರೆ ಪ್ರಮಾಣ ದೋಷ ಸುಮಾರು 15,200, ಅಂದರೆ ಅಂದಾಜಿನ ಕಾಲುಭಾಗ. ಅಂಥ ಅಂಕಿಯನ್ನು ಮುಂದಿಟ್ಟುಕೊಂಡು ಯಾರಿಗೆ ನೆರವು ಸಲ್ಲಬೇಕೆಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ 1979ರಲ್ಲಿ ಫೇ ಮತ್ತು ಹೆರಿಯಟ್ ಎಂಬಿಬ್ಬರು ಒಂದು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳ ತಲಾ ಆದಾಯಕ್ಕಾಗಿ ರೂಪಿಸಿದ ವಿಧಾನವನ್ನು ಹಿಡಿದೆ. ಮಧ್ಯಾಂಕದ ಲಾಗರಿದಮ್ಮನ್ನು ತೆರಿಗೆ ವಿವರಪಟ್ಟಿಗಳಿಂದ ತಿಳಿಯುವ ಆದಾಯ, ಒಟ್ಟು ವೈಯಕ್ತಿಕ ಆದಾಯದಲ್ಲಿ ಸರ್ಕಾರಿ ಪಾವತಿಗಳ ಪಾಲು ಮುಂತಾದವುಗಳ ಆಧಾರದಿಂದ ರಿಗ್ರೆಷನ್‌ನಲ್ಲಿ (ಒಂದು ಅಂಕಿಯನ್ನು ಬೇರೆ ಅಂಕಿಗಳಿಂದ ಊಹಿಸುವ ವಿಧಾನ) ಊಹಿಸಿ, ಆ ಊಹೆಯನ್ನೂ ಸಮೀಕ್ಷೆಯ ಅಂದಾಜನ್ನೂ ತೂಕ ಹಾಕಿ ಬೆರೆಸುವುದು ಇದರ ತಿರುಳು; ಸಮೀಕ್ಷೆಯ ದೋಷ ಹೆಚ್ಚಿದಷ್ಟೂ ಅದರ ತೂಕ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಲಾಗರಿದಮ್ ಅಳತೆಯ ದೋಷದ ವೇರಿಯನ್ಸ್ (ಪ್ರಮಾಣ ದೋಷದ ವರ್ಗ) ಸುಮಾರು 0.064, ರಿಗ್ರೆಷನ್‌ನಿಂದ ವಿವರಿಸಲಾಗದೆ ಉಳಿದ ವೇರಿಯನ್ಸ್ 0.01 ಆಗಿದ್ದರೆ, ಸಮೀಕ್ಷೆಗೆ ಸಲ್ಲುವ ತೂಕ ಶೇ. 13 ಅಥವಾ 14 ಮಾತ್ರ. ಅಂದಾಜು 70,000, ದೋಷದ ಮಿತಿ 1,500 ಇರುವ ದೊಡ್ಡ ಕೌಂಟಿಯಲ್ಲಿ ಸಮೀಕ್ಷೆಯ ತೂಕ ಶೇ. 98ಕ್ಕೆ ಏರುತ್ತದೆ, ರಿಗ್ರೆಷನ್ ತಾನಾಗಿಯೇ ಹಿಂದೆ ಸರಿಯುತ್ತದೆ.

ಪೂರಕ ದತ್ತಾಂಶದ ಆಯ್ಕೆಯಲ್ಲಿ ಇನ್ನೊಮ್ಮೆ ಎಡವಿದೆ. ಉದ್ಯೋಗದಾತರು ವರದಿ ಮಾಡುವ ವೇತನದ ಅಂಕಿಗಳು ಮೂರು ತಿಂಗಳಿಗೊಮ್ಮೆ ಬರುತ್ತವೆ, ಆಕರ್ಷಕವಾಗಿಯೂ ಇವೆ. ಆದರೆ ಅವು ಕೆಲಸದ ಸ್ಥಳಕ್ಕೆ ಸೇರಿದವು, ವಾಸದ ಸ್ಥಳಕ್ಕಲ್ಲ. ಬೇರೆಡೆ ಮನೆಯಿದ್ದು ತೈಲಬಾವಿಗೆ ದುಡಿಯಲು ಬರುವವನ ಸಂಬಳ ಲವಿಂಗ್ ಕೌಂಟಿಯ ಖಾತೆಗೆ ಬಿದ್ದಾಗ, ಅಲ್ಲಿ ನೆಲೆಸಿದವರ ಆದಾಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಕಾಲಂ ಅನ್ನು ಕೈಬಿಟ್ಟೆ. ತೆರಿಗೆ ದತ್ತಾಂಶಕ್ಕೂ ಅದರದೇ ಮಿತಿಯಿದೆ: ವಿವರ ಸಲ್ಲಿಸದ ಬಡವರು ಮತ್ತು ವೃದ್ಧರು ಅದರಲ್ಲಿ ಕಾಣಿಸುವುದಿಲ್ಲ, ಒಂದೇ ಮನೆಯಿಂದ ಎರಡು ಮೂರು ವಿವರಪಟ್ಟಿಗಳು ಹೋಗಿರಬಹುದು.

ಕೊನೆಗೆ ನನ್ನ ಅಂದಾಜುಗಳನ್ನು ಸೆನ್ಸಸ್ ಬ್ಯೂರೋ ಪ್ರತಿವರ್ಷ ಇಂಥದೇ ಮಾದರಿಯಿಂದ ಕೌಂಟಿಗಳಿಗೆ ಪ್ರಕಟಿಸುವ ಸೈಪ್ (SAIPE, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ) ಅಂದಾಜುಗಳೊಂದಿಗೆ ಹೋಲಿಸಿದೆ. ಅವು ಒಂದೇ ವರ್ಷಕ್ಕೆ ಸೇರಿದವು, ನನ್ನವು ಐದು ವರ್ಷಗಳ ಮಾದರಿಯ ಮೇಲೆ ನಿಂತವು. ತೈಲದ ಬೆಲೆ ಏರಿಳಿದ ವರ್ಷಗಳಲ್ಲಿ ಎರಡೂ ಹೊಂದದಿದ್ದರೆ ಅದು ತಪ್ಪಿನ ಸೂಚನೆಯೇ ಆಗಬೇಕಿಲ್ಲವಾದ್ದರಿಂದ, ತೈಲವಿಲ್ಲದ ಕೌಂಟಿಗಳಲ್ಲಿನ ವ್ಯತ್ಯಾಸಗಳನ್ನಷ್ಟೇ ಒಂದೊಂದಾಗಿ ಪರಿಶೀಲಿಸಿದೆ. ಒಪ್ಪಿಸಿದ ಕೋಷ್ಟಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೇ ಸಮೀಕ್ಷೆಗೆ ಸಂದ ತೂಕವನ್ನು ನಮೂದಿಸಿದೆ. ಲವಿಂಗ್‌ಗೆ ಪ್ರತ್ಯೇಕ ಅಂಕಿ ಕೊಡದೆ, ನೆರೆಯ ವಿಂಕ್ಲರ್, ವಾರ್ಡ್ ಮತ್ತು ರೀವ್ಸ್ ಕೌಂಟಿಗಳೊಂದಿಗೆ ಕೂಡಿಸಿದ ಒಂದೇ ಮಧ್ಯಾಂಕವನ್ನು ಕೊಟ್ಟೆ.