ಮೂಗಿಗೆ ನಾಲ್ಕು ನಾಣ್ಯ

ದೀಪಾವಳಿ ಕಳೆದ ಮೇಲೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಚಳಿಗಾಲದಲ್ಲಿ ಪುಣೆಯ ಆಚೆ ನಡೆಯುವ, ನೆಲದಿಂದ ರೇಡಿಯೊ ಮೂಲಕ ಹಾರಿಸುವ ಮಾದರಿ ವಿಮಾನಗಳ ಕೂಟಕ್ಕೆ ಹೋಗಬೇಕೇ, ಬೇಡವೇ? ಈ ಹವ್ಯಾಸಕ್ಕೆಂದು ನಾನು ವರ್ಷಕ್ಕೆ ತೆಗೆದಿಡುವುದು 15,000 ರೂಪಾಯಿ. ಎರಡು ದಿನದ ಕೂಟಕ್ಕೆ ಹೋಗಿಬಂದರೆ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರಗುತ್ತದೆ. ಒಮ್ಮೆ ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಒಮ್ಮೆ ಹೋದಾಗ ಕೊಟ್ಟ ಪ್ರತಿ ರೂಪಾಯಿಯೂ ದಕ್ಕಿದೆ. ಒಮ್ಮೆ ಹೋಗದೆ ಉಳಿದದ್ದೇ ಸರಿಯಾಗಿತ್ತು.

ಮುಂಬಯಿ ಸುತ್ತಮುತ್ತ ಇರುವವರಿಗೆ ಇಂಥ ಕೂಟದ ಸೆಳೆತ ಹೆಚ್ಚು. ನಗರದಲ್ಲಿ ಹಾರಿಸಲು ಬಯಲೇ ಇಲ್ಲ. ಇದ್ದರೂ ವಿಮಾನ ನಿಲ್ದಾಣ ಹತ್ತಿರ. ಮುಂಬಯಿ ಪೊಲೀಸರು ಆಗಾಗ ಹೊರಡಿಸುವ ನಿಷೇಧಾಜ್ಞೆಯಲ್ಲಿ ಡ್ರೋನ್, ಪ್ಯಾರಾಗ್ಲೈಡರ್‌ಗಳ ಜೊತೆಗೆ ದೂರನಿಯಂತ್ರಿತ ಹಗುರ ವಿಮಾನಗಳೂ ಸೇರಿರುತ್ತವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ನಿರ್ಬಂಧವಿಲ್ಲದ ಪ್ರದೇಶದಲ್ಲಿ, 400 ಅಡಿಯವರೆಗೆ ಹಾರಿಸಲು ಅನುಮತಿ ಬೇಕಿಲ್ಲ. ಎರಡು ಕಿಲೋದೊಳಗಿನ ವಿಮಾನವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪರವಾನಗಿಯೂ ಬೇಡ. ಆದರೆ ಆ ಹಸಿರು ವಲಯ ಸಿಗಬೇಕಲ್ಲ! ನಾನು ಭಾನುವಾರ ಬೆಳಿಗ್ಗೆ ಕಲ್ಯಾಣ ದಾಟಿ ಮುರ್ಬಾಡ್ ಕಡೆಗೆ ಹೋಗುತ್ತೇನೆ. ಭತ್ತ ಕೊಯ್ದ ಗದ್ದೆಯ ಅಂಚಿನಲ್ಲಿ ಹಾರಿಸಿ, ಬಿಸಿಲೇರುವ ಮೊದಲು ಮನೆಗೆ ಬರುತ್ತೇನೆ. ಅಲ್ಲಿ ನಾನೊಬ್ಬನೇ. ತಪ್ಪು ಮಾಡಿದರೆ ಹೇಳುವವರಿಲ್ಲ.

ಕೈ ಸುಟ್ಟದ್ದು 2019ರಲ್ಲಿ. ಅದೂ ಎರಡು ದಿನದ ಕೂಟವೇ, ಜಾಗ ಬೇರೆ, ಸಂಘಟಕರು ಬೇರೆ. ಪ್ರದರ್ಶನದ ದೊಡ್ಡ ವಿಮಾನಗಳು, ಧ್ವನಿವರ್ಧಕ, ಜಾತ್ರೆಯಂತೆ ಜನ. ನನ್ನ ಪಾಲಿಗೆ ಬಂದದ್ದು ಐದು ನಿಮಿಷದ ಒಂದೇ ಒಂದು ಹಾರಾಟ. ಶುಲ್ಕ ಕಟ್ಟುವಾಗ ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಈಗ ಕೇಳದೆ ಒಂದು ಪೈಸೆಯನ್ನೂ ಕಟ್ಟುವುದಿಲ್ಲ: ಎಷ್ಟು ಮಂದಿ ಹಾರಿಸುವವರು ಹೆಸರು ಕೊಟ್ಟಿದ್ದಾರೆ, ಒಂದೇ ಹೊತ್ತಿಗೆ ಎಷ್ಟು ವಿಮಾನ ಮೇಲಿರಬಹುದು?

ಈ ಎರಡು ಸಂಖ್ಯೆ ಸಿಕ್ಕರೆ ಉಳಿದದ್ದನ್ನು ಬೆರಳೆಣಿಕೆಯಲ್ಲಿ ತಿಳಿಯಬಹುದು. ದಖ್ಖನ್ನಿನ ಬಯಲಿನಲ್ಲಿ ಹತ್ತು ಗಂಟೆಯ ಮೇಲೆ ನೆಲ ಕಾದು ಗಾಳಿ ಏಳುತ್ತದೆ. ನನ್ನಂಥವರಿಗೆ ಬಳಕೆಗೆ ಬರುವ ಹೊತ್ತು ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ಒಟ್ಟು ಐದು ಗಂಟೆ. ಏರಿ, ಹಾರಿ, ಇಳಿದು, ಮುಂದಿನವರಿಗೆ ಜಾಗ ಬಿಡಲು ತಲಾ ಹತ್ತು ನಿಮಿಷ ಹಿಡಿಯಿರಿ. ಒಮ್ಮೆಗೆ ನಾಲ್ಕು ವಿಮಾನ ಎಂದರೆ ದಿನಕ್ಕೆ 120 ಹಾರಾಟ. ಅರವತ್ತು ಮಂದಿ ಬಂದಿದ್ದರೆ ತಲೆಗೆ ಎರಡು, ಇಪ್ಪತ್ತೈದು ಮಂದಿ ಇದ್ದರೆ ಹೆಚ್ಚುಕಡಿಮೆ ಐದು. ಪ್ರದರ್ಶನಕ್ಕೆಂದು ಬೆಳಗಿನ ಹೊತ್ತನ್ನು ಕಾದಿರಿಸಿದ್ದರೆ ಅದನ್ನೂ ಕಳೆಯಬೇಕು. ಹೆಸರಾದ ದೊಡ್ಡ ಕೂಟಕ್ಕಿಂತ ಸದ್ದಿಲ್ಲದ ಸಣ್ಣ ಕೂಟ ನನಗೆ ಹೆಚ್ಚು ಎಂದು ಈ ಲೆಕ್ಕವೇ ತೋರಿಸಿಕೊಟ್ಟಿತು.

2024ರ ಜನವರಿಯಲ್ಲಿ ಹೋದದ್ದು ಅಂಥ ಸಣ್ಣ ಕೂಟಕ್ಕೆ. ಮುಲುಂಡಿನ ಗೆಳೆಯರೊಬ್ಬರು ಜೊತೆಗಿದ್ದರು. ಅವರು ಕುಂದಾಪುರದವರು, ಇಂಥದ್ದಕ್ಕೆ ಯಾವಾಗ ಕರೆದರೂ ಸಿದ್ಧ. ಹೋಗಿಬರಲು 380 ಕಿಲೋಮೀಟರಿಗೆ ಪೆಟ್ರೋಲು 2,680, ಎಕ್ಸ್‌ಪ್ರೆಸ್‌ವೇ ಟೋಲ್ ಎರಡು ಸಲಕ್ಕೆ 640. ಇಬ್ಬರೂ ಹಂಚಿಕೊಂಡು ನನ್ನ ಪಾಲು 1,660. ಪ್ರವೇಶ ಶುಲ್ಕ 1,500, ಒಂದು ರಾತ್ರಿಯ ಲಾಡ್ಜಿನಲ್ಲಿ ಅರ್ಧ 900, ಊಟ ತಿಂಡಿ 700. ಇದರ ಮೇಲೆ ಮುರಿದರೆ ಇರಲಿ ಎಂದು 1,500 ಸೇರಿಸಿದೆ. ಬಹಳ ಮಂದಿ ಈ ಬಾಬತ್ತನ್ನು ಬರೆಯುವುದೇ ಇಲ್ಲ. ಗೊತ್ತಿಲ್ಲದ ಬಯಲು, ನೋಡುವ ಜನ, ಬೇರೆಯವರ ವಿಮಾನಗಳ ನಡುವೆ ಹಾರಿಸುವಾಗ ಕೈ ತಪ್ಪುವುದು ಸಹಜ. ಹೀಗಾಗಿ ಒಟ್ಟು 6,260 ರೂಪಾಯಿ. ಎರಡು ದಿನದಲ್ಲಿ ಏಳು ಹಾರಾಟ ಸಿಕ್ಕಿತು, ಅಂದರೆ ಒಂದಕ್ಕೆ ಸುಮಾರು 890. ಮುರ್ಬಾಡಿನ ಗದ್ದೆಯಲ್ಲಿ ನನಗೆ ಒಂದು ಹಾರಾಟಕ್ಕೆ 130 ತಗಲುತ್ತದೆ. ಹಾರಾಟದ ಲೆಕ್ಕವೊಂದನ್ನೇ ಹಿಡಿದರೆ ಯಾವ ಕೂಟಕ್ಕೂ ಯಾರೂ ಹೋಗಬಾರದು.

ಹೋಗುವ ಹಿಂದಿನ ವಾರ ಕಾಲನಿರ್ಣಯ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡಿದ್ದೆ. ಮೊದಲನೆಯದು: ನನ್ನ ವಿಮಾನ ಇಳಿಯುವಾಗ ಮೂಗೆತ್ತಿ ಒಮ್ಮೆಲೇ ಒಂದು ಪಕ್ಕಕ್ಕೆ ಬೀಳುವುದೇಕೆ? ಅದು ಒಂದೂವರೆ ಮೀಟರ್ ರೆಕ್ಕೆಯ, ಬಾಲ್ಸಾ ಎಂಬ ಹಗುರ ಮರದ ಟ್ರೈನರ್, ಅಂದರೆ ಕಲಿಯುವವರ ವಿಮಾನ, ಬ್ಯಾಟರಿಯದು, ತೂಕ 1.4 ಕಿಲೋ. ಹಿಂದಿನ ವರ್ಷ ಎರಡು ಸಲ ಹೀಗೇ ಬಿದ್ದು ದುರಸ್ತಿಗೆ 5,200 ರೂಪಾಯಿ ನುಂಗಿತ್ತು. ನಾನು ಮೂಗನ್ನು ಏರಿಸಿಳಿಸುವ ಎಲಿವೇಟರಿನ ಹೊಂದಾಣಿಕೆ (ಟ್ರಿಮ್) ತಿರುಗಿಸಿದೆ, ಅದನ್ನು ಅಲುಗಿಸುವ ಪುಟ್ಟ ಮೋಟರ್ ಸರ್ವೋವನ್ನು ಬದಲಿಸಿದೆ, ಪ್ರೊಪೆಲ್ಲರ್ ಬದಲಿಸಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ.

ಬಯಲಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಮಾತನಾಡುವುದು ಕೇಳಿ ಹಿರಿಯರೊಬ್ಬರು ಹತ್ತಿರ ಬಂದರು. ಧಾರವಾಡ ಕಡೆಯವರು, ವಾಯುಪಡೆಯಲ್ಲಿ ತಂತ್ರಜ್ಞರಾಗಿದ್ದು ನಿವೃತ್ತರಾದ ಮೇಲೆ ಪುಣೆಯಲ್ಲೇ ನೆಲೆಸಿದವರು. ನನ್ನ ಕಥೆಯನ್ನು ಪೂರ್ತಿ ಕೇಳಲೂ ಇಲ್ಲ. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ ಆರೇಳು ಸೆಂಟಿಮೀಟರ್ ಹಿಂದೆ, ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತಿದರು. ಅದು ಬೆರಳ ಮೇಲೆ ಒಂದು ಕ್ಷಣವೂ ನಿಲ್ಲದೆ ಹಿಂದಕ್ಕೆ ವಾಲಿ ಬಾಲ ಕೆಳಗೆ ಮಾಡಿತು. ‘ಬಾಲ ಭಾರವಾಗಿದೆ. ಹಿಂದೆ ಏನು ಅಂಟಿಸಿದ್ದೀರಿ?’ ಎಂದರು.

ಈ ಕಾಟ ಶುರುವಾಗುವ ಮೊದಲು ಒಮ್ಮೆ ಬಿದ್ದಾಗ ಬಾಲದ ಬುಡ ಸೀಳಿತ್ತು. ಅಲ್ಲಿ ಪ್ಲೈವುಡ್ ತುಂಡು ಇಟ್ಟು ಎಪಾಕ್ಸಿ ಅಂಟು ಸುರಿದು ಗಟ್ಟಿ ಮಾಡಿದ್ದೆ. ಹೆಚ್ಚೆಂದರೆ ಹತ್ತು ಹನ್ನೊಂದು ಗ್ರಾಂ. ಆದರೆ ಗುರುತ್ವ ಕೇಂದ್ರದಿಂದ ಬಾಲ ಇರುವ ದೂರ, ಮೂಗು ಇರುವ ದೂರದ ಸುಮಾರು ಮೂರು ಪಟ್ಟು. ಹಿಂದೆ ಸೇರಿದ ಹತ್ತು ಗ್ರಾಂ ತೂಗಿಸಲು ಮುಂದೆ ಮೂವತ್ತು ಗ್ರಾಂ ಬೇಕು. ಬ್ಯಾಟರಿಯನ್ನು ಮುಂದಕ್ಕೆ ತಳ್ಳೋಣ ಎಂದರೆ ಅದು ಆಗಲೇ ಮೂಗಿನ ಒಳಗೋಡೆಗೆ ತಾಗಿತ್ತು. ಅವರು ಜೇಬಿನಿಂದ ಹತ್ತು ರೂಪಾಯಿಯ ನಾಲ್ಕು ನಾಣ್ಯ ತೆಗೆದರು. ಒಂದರ ತೂಕ ಏಳೂಮುಕ್ಕಾಲು ಗ್ರಾಂ, ನಾಲ್ಕಕ್ಕೆ ಮೂವತ್ತೊಂದು. ಮೋಟರಿನ ಹಿಂದೆ ಎರಡೆರಡಾಗಿ ಟೇಪು ಸುತ್ತಿ ಅಂಟಿಸಿದರು. ಮತ್ತೆ ಬೆರಳ ಮೇಲೆ ಇಟ್ಟಾಗ ವಿಮಾನ ಅಲುಗದೆ, ಮೂಗು ಕೂದಲೆಳೆಯಷ್ಟು ಕೆಳಗೆ ಮಾಡಿ ನಿಂತಿತು. ಅದೇ ಸಂಜೆ ಮೂರು ಸಲ ಇಳಿಸಿದೆ. ಮೂರೂ ಸಲ ತಕರಾರಿಲ್ಲದೆ ಇಳಿಯಿತು. ಹದಿನಾಲ್ಕು ತಿಂಗಳಿಂದ ನನ್ನನ್ನು ಕಾಡಿದ್ದು ಹತ್ತು ನಿಮಿಷದಲ್ಲಿ ಬಗೆಹರಿದಾಗ ನನಗೆ ಗಂಟಲು ಕಟ್ಟಿಬಂತು. ನಾಣ್ಯದ ಹಣ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಎರಡನೆಯ ಪ್ರಶ್ನೆ ಅಡ್ಡಗಾಳಿಯಲ್ಲಿ ಇಳಿಸುವುದು. ಮರುದಿನ ಬೆಳಿಗ್ಗೆ ಒಬ್ಬ ಯುವಕರು ವಿಮಾನ ನಿಯಂತ್ರಿಸುವ ತಮ್ಮ ಟ್ರಾನ್ಸ್‌ಮಿಟರಿಗೆ ಇನ್ನೊಂದನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ನಾನು ತಪ್ಪಿದರೆ ಅವರು ಒಂದು ಸ್ವಿಚ್ ಬಿಟ್ಟ ಕೂಡಲೇ ವಿಮಾನ ಅವರ ಕೈಗೆ ಹೋಗುತ್ತದೆ. ಆ ಧೈರ್ಯದಲ್ಲಿ ಬಾಲದ ರಡರ್ ಪಟ್ಟಿ ಒಂದು ಕಡೆ, ರೆಕ್ಕೆಯ ಐಲರಾನ್ ಪಟ್ಟಿ ಇನ್ನೊಂದು ಕಡೆ ಹಿಡಿದು ಇಳಿಸುವ ಅಭ್ಯಾಸ ಮೊದಲ ಬಾರಿಗೆ ಆಯಿತು. ಒಬ್ಬನೇ ಗದ್ದೆಯಲ್ಲಿ ನಿಂತು ಎಷ್ಟು ವರ್ಷ ಹಾರಿಸಿದರೂ ಇದು ಬರುತ್ತಿರಲಿಲ್ಲ. ಮೂರನೆಯದು, ಯಾವ ರೇಡಿಯೊ (ಟ್ರಾನ್ಸ್‌ಮಿಟರ್) ಕೊಳ್ಳಲಿ ಎಂಬುದು. ಐದಾರು ಜನರದ್ದನ್ನು ಕೈಯಲ್ಲಿ ಹಿಡಿದು ನೋಡಿದೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ನನ್ನ ಹೆಬ್ಬೆರಳಿಗೆ ಒಗ್ಗಲಿಲ್ಲ. ಆ ಖರೀದಿಯನ್ನು ಕೈಬಿಟ್ಟೆ, 9,000 ರೂಪಾಯಿ ಉಳಿಯಿತು.

ಮುಂದಿನ ವರ್ಷ ಅದೇ ಕೂಟ, ಅದೇ ಶುಲ್ಕ. ಹಾಳೆ ತೆಗೆದು ಕೂತರೆ ಬರೆಯಲು ಪ್ರಶ್ನೆಯೇ ಹೊಳೆಯಲಿಲ್ಲ. ವಿಮಾನ ಚೆನ್ನಾಗಿ ಹಾರುತ್ತಿತ್ತು, ಹೊಸದೇನೂ ಕಟ್ಟಿರಲಿಲ್ಲ. ಗೆಳೆಯರನ್ನು ನೋಡುವ ಆಸೆ ಇತ್ತು, ಆದರೆ ಅದಕ್ಕೆ ಮಾಟುಂಗದಲ್ಲಿ ಒಂದು ಇಡ್ಲಿ, ಕಾಫಿ ಸಾಕು ಎನಿಸಿತು. ಹೋಗಲಿಲ್ಲ. ಆ ಹಣದಲ್ಲಿ ಬಾಲ್ಸಾ ಹಾಳೆ, ಹೊದಿಕೆಯ ಫಿಲ್ಮ್, ಎರಡು ಬ್ಯಾಟರಿ ತಂದು ಗ್ಲೈಡರ್ ಕಟ್ಟಲು ಕೂತೆ.

ಹೋಗುವುದೇ ಆದರೆ ಸಾಗಿಸುವ ತೊಂದರೆಯನ್ನೂ ಮೊದಲೇ ಯೋಚಿಸಬೇಕು. ಒಂದೂವರೆ ಮೀಟರಿನ ಅಖಂಡ ರೆಕ್ಕೆ ಲೋಕಲ್ ರೈಲಿಗೆ ಆಗದ ಮಾತು. ಕಾರಿನಲ್ಲೂ ಅಡ್ಡಲಾಗಿ ಹಿಡಿಸುವುದಿಲ್ಲ. ಮುಂದಿನ ಸೀಟನ್ನು ಒರಗಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಓರೆಯಾಗಿ ಇಡುತ್ತೇನೆ. ಹೀಗಾಗಿ ಕಾರಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಹೋಗಲಾಗದು, ಖರ್ಚು ಹಂಚುವುದೂ ಇಬ್ಬರೊಳಗೇ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಪೂರ್ತಿ ತುಂಬಿಸಿ ಒಯ್ಯುವುದಿಲ್ಲ. ಒಂದು ಸೆಲ್ಲಿಗೆ 3.8 ವೋಲ್ಟಿನಷ್ಟು ಇಟ್ಟು, ಬೆಂಕಿ ತಡೆಯುವ ಚೀಲದಲ್ಲಿ ಹಾಕಿ, ಬಯಲಿಗೆ ಹೋದ ಮೇಲೆ ತುಂಬಿಸುತ್ತೇನೆ. ಘಾಟಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತು ಬಿಸಿಲು ಬಡಿಯುವಾಗ ಅವು ಸೀಟಿನ ಕೆಳಗೆ ನೆರಳಲ್ಲಿರಬೇಕು.

ಗ್ಲೈಡರ್ ಈಗ ಸಿದ್ಧವಾಗಿದೆ. ಎರಡು ಮೀಟರ್ ರೆಕ್ಕೆ, ನಡುವೆ ಬಿಚ್ಚಿ ಎರಡು ಮಾಡುವಂಥದ್ದು. ಗದ್ದೆಯಲ್ಲಿ ನಾಲ್ಕು ಭಾನುವಾರ ಎಸೆದೆ, ಪ್ರತಿ ಸಲವೂ ಎರಡು ನಿಮಿಷದಲ್ಲಿ ಕೆಳಗಿಳಿಯಿತು. ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿಯ ಕಂಬವನ್ನು ಹೇಗೆ ಹುಡುಕುವುದು, ಸಿಕ್ಕಿತೆಂದು ರೆಕ್ಕೆಯ ಯಾವ ನಡುಕದಿಂದ ತಿಳಿಯುವುದು ಎಂದು ಹಾಳೆಯ ಮೇಲೆ ಬರೆದಿದ್ದೇನೆ. ಉಳಿದವರೆಲ್ಲ ಬಿಡಾರ ಸೇರುವ ಬಿಸಿಲಿನ ಹೊತ್ತೇ ಇದಕ್ಕೆ ಬೇಕಾದದ್ದು, ಆಗ ಸರದಿಗೂ ಕಾಯಬೇಕಿಲ್ಲ. ನಿನ್ನೆ ಸಂಘಟಕರಿಗೆ ಫೋನ್ ಮಾಡಿದೆ. ಹೆಸರು ಕೊಟ್ಟವರು ಇಪ್ಪತ್ತೆರಡು ಮಂದಿ, ಅವರಲ್ಲಿ ಮೂವರು ಗ್ಲೈಡರಿನವರು. ಇವತ್ತು ಬೆಳಿಗ್ಗೆ ಶುಲ್ಕ ಕಟ್ಟಿದೆ.