ನಂದಿ ತಪ್ಪಲಿನ ಕೆಂಪು ವೈನಿಗೆ ನಮ್ಮ ಮನೆಯ ಅಡುಗೆ

ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್ ವೈನನ್ನು, ಅಂದರೆ ಆ ಹೆಸರಿನ ಎರಡು ಬಗೆಯ ದ್ರಾಕ್ಷಿ ಬೆರೆಸಿದ ಕೆಂಪು ವೈನನ್ನು, ಮೊದಲ ಸಲ ಮನೆಗೆ ತಂದದ್ದು ಒಂದು ಭಾನುವಾರ. ಅವತ್ತು ಮುದ್ದೆ, ಮಟನ್ ಸಾರು. ನಮ್ಮ ಸಾರಿಗೆ ಗುಂಟೂರು ಮೆಣಸಿನಕಾಯಿ ಜಾಸ್ತಿಯೇ ಬೀಳುತ್ತದೆ. ಒಂದು ಗುಟುಕು ಕುಡಿದದ್ದೇ ತಡ, ಬಾಯೆಲ್ಲ ಉರಿ, ಆಮೇಲೆ ಬರೀ ಒಗರು. ನಮ್ಮವರು ವೈನೇ ಸರಿಯಿಲ್ಲ ಎಂದು ಲೋಟ ಪಕ್ಕಕ್ಕಿಟ್ಟರು.

ಮಾರನೆಯ ಸಂಜೆ ಉಳಿದದ್ದನ್ನು ಸುಮ್ನೆ ಕುಡಿದು ನೋಡಿದೆ. ಎಷ್ಟು ಚೆನ್ನಾಗಿತ್ತು! ಹಾಗಾದರೆ ಎಡವಿದ್ದು ಜೋಡಿಯಲ್ಲಿ, ಅಲ್ವಾ?

ಅಲ್ಲಿಂದ ತಿಳಿದುಕೊಳ್ಳಲು ಶುರು ಮಾಡಿದೆ. ಕ್ಯಾಬರ್ನೆ ದ್ರಾಕ್ಷಿಯ ಸಿಪ್ಪೆ ದಪ್ಪ. ಅದರಲ್ಲಿರುವ ಟ್ಯಾನಿನ್ ಎಂಬ ವಸ್ತುವಿನಿಂದಲೇ ವೈನಿಗೆ ಒಗರು. ಕಡಕ್ ಚಹಾ ಕುಡಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ. ಮೆಣಸಿನಕಾಯಿಯ ಉರಿಯ ಮೇಲೆ ಈ ಒಗರೂ ಆಲ್ಕೋಹಾಲೂ ಬಿದ್ದರೆ ಉರಿ ಇನ್ನಷ್ಟು ಏರುತ್ತದೆ. ಮಾಂಸ, ಕೊಬ್ಬು ಸಿಕ್ಕರೆ ಒಗರು ಮೆತ್ತಗಾಗುತ್ತದೆ. ಇನ್ನು ಶಿರಾಜ್. ಕಾಳುಮೆಣಸಿಗೆ ಅದರ ಘಮ ಕೊಡುವ ರೋಟಂಡೋನ್ ಎಂಬ ವಸ್ತು ಶಿರಾಜ್ ದ್ರಾಕ್ಷಿಯಲ್ಲೂ ಇರುತ್ತದೆ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಕೊಡಗಿನ ಪಂದಿ ಕರಿ.

ಒಂದು ಕೆಜಿ ಹಂದಿಮಾಂಸ ತಂದೆ, ಕೊಬ್ಬು ತೆಗೆಸಲಿಲ್ಲ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜವನ್ನು ಕಪ್ಪಾಗುವ ತನಕ ಹುರಿದು ಪುಡಿ ಮಾಡಿದೆ. ಒಣಮೆಣಸಿನಕಾಯಿ ಹಾಕಲೇ ಇಲ್ಲ. ಕೊನೆಗೆ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ, ಜೊತೆಗೆ ಅಕ್ಕಿತರಿಯ ಉಂಡೆ ಕಡುಂಬುಟ್ಟು. ವೈನನ್ನು ಇಪ್ಪತ್ತೈದು ನಿಮಿಷ ಫ್ರಿಜ್ಜಿನಲ್ಲಿಟ್ಟಿದ್ದೆ. ಕೆಂಪು ವೈನಿಗೆ 16-18 ಡಿಗ್ರಿ ಸಾಕು. ನಮ್ಮ ಬೇಸಿಗೆಯಲ್ಲಿ ಹಾಗೇ ಹೊರಗಿಟ್ಟರೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ತುತ್ತಿನ ಹಿಂದೆ ಗುಟುಕು ಹೋದಾಗ ಕಾಳುಮೆಣಸು ತಟ್ಟೆಯದೋ ಲೋಟದ್ದೋ ಗೊತ್ತಾಗಲಿಲ್ಲ. ಕಾಚಂಪುಳಿಯ ಹುಳಿಗೆ ವೈನಿನ ಹುಳಿ ತಗ್ಗಿ, ಕಪ್ಪು ಹಣ್ಣಿನ ರುಚಿ ಮೇಲೆ ಬಂತು. ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಆಮೇಲೆ ಬೇರೆ ಬೇರೆ ಅಡುಗೆ ಮಾಡಿ ನೋಡಿದೆ. ಕುಂದಾಪುರದ ಘೀ ರೋಸ್ಟ್ ಒಗ್ಗಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ತುಪ್ಪವಂತೂ ಇದ್ದೇ ಇದೆ. ಮಾಂಸ ತಿನ್ನದ ಗೆಳತಿ ಬಂದಾಗ ಎಣ್ಣೆಗಾಯಿ ಮಾಡಿದೆ. ಶೇಂಗಾ, ಎಳ್ಳಿನ ಮಸಾಲೆ ಮಾಂಸದ ಕೊಬ್ಬಿನ ಕೆಲಸವನ್ನೇ ಮಾಡಿತು. ಬಂಗುಡೆ ಮಾತ್ರ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ನೀಚು ವಾಸನೆ ಬಾಯಲ್ಲೇ ಉಳಿಯುತ್ತದೆ. ಹೋಳಿಗೆಯೂ ಬೇಡ, ಸಿಹಿಯ ಮುಂದೆ ಈ ವೈನ್ ಕಹಿಯಾಗುತ್ತದೆ.

ಹೋದ ಫೆಬ್ರವರಿಯಲ್ಲಿ ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿತೋಟ ನೋಡಿ ಬಂದೆವು. ಕೊಯ್ಲು ನಡೆದಿತ್ತು. ಫ್ರಾನ್ಸಿನಲ್ಲಿ ಕೊಯ್ಲಾಗುವ ಸೆಪ್ಟೆಂಬರ್ ಹೊತ್ತಿಗೆ ಇಲ್ಲಿ ಬಳ್ಳಿ ಸವರುತ್ತಾರೆ. ಹಾಗಾಗಿ ಮಳೆ ಕಳೆದ ಮೇಲೆ, ಚಳಿಯ ರಾತ್ರಿಗಳಲ್ಲಿ ಹಣ್ಣು ಬಲಿಯುತ್ತದೆ. ಒಂದು ಶಿರಾಜ್ ಹಣ್ಣು ಬಾಯಿಗೆ ಹಾಕಿಕೊಂಡೆ. ಚಿಕ್ಕದು, ತುಂಬಾ ಸಿಹಿ.

ಬರುವಾಗ ಎರಡು ಬಾಟಲಿ ತಂದೆವು. ಆ ಭಾನುವಾರ ಮತ್ತೆ ಮುದ್ದೆ, ಮಟನ್ ಸಾರು. ಗುಂಟೂರು ಬಿಟ್ಟು ಬ್ಯಾಡಗಿ ಹಾಕಿದೆ, ಕಾಳುಮೆಣಸು ಒಂದು ಚಮಚ ಹೆಚ್ಚಿಗೆ. ನಮ್ಮವರು ತಾವೇ ಎದ್ದು ಎರಡನೇ ಲೋಟ ಬಗ್ಗಿಸಿಕೊಂಡರು.